ಅರ್ಧ ಮೀಸೆಯ ಮಸೂದೆ

ಮಾವ ತನ್ನ ಪಾರಿವಾಳಗಳಿಗೆ ಹೆಸರಿಟ್ಟಿದ್ದು ಬಣ್ಣ ನೋಡಿ ಅಲ್ಲ, ತಲೆ ನೋಡಿ. ಕ್ಷೌರದ ಕಸುಬಿನವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕ್ರಾಪು, ಗುಂಗುರು, ಬೋಳ, ಬೈತಲೆ, ಹೀಗೆ ಒಂದೊಂದಕ್ಕೂ ಒಂದೊಂದು. ತಲೆಯ ಹಿಂದೆ ಪುಕ್ಕದ ಜುಟ್ಟು ಎದ್ದು ನಿಂತಿದ್ದ ಮುದಿ ಹೆಣ್ಣಿನ ಹೆಸರು ಜುಟ್ಟಿ. ಓದಲೆಂದು ಈ ಊರಿಗೆ ಬಂದು ಮಾವನ ಮನೆಯಲ್ಲಿ ಉಳಿದ ತಂಗಿಯ ಮಗಳಿಗೂ ಮೊದಲ ದಿನವೇ ಒಂದು ಹೆಸರು ಬಿದ್ದಿತ್ತು: ಗುಬ್ಬಿ.

“ನಾನು ಯಾಕೆ ಪಾರಿವಾಳ ಅಲ್ಲ?” ಎಂದು ಅವಳು ಕೇಳಿದ್ದಳು.

“ಪಾರಿವಾಳ ಹೇಳಿದ ಮಾತು ಕೇಳುತ್ತೆ,” ಎಂದಿದ್ದ ಮಾವ.

ಗೂಡು ಇದ್ದದ್ದು ತಾರಸಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಮೂಲೆಯಲ್ಲಿ. ಕಟ್ಟಡ ರೈಲುಬೋಗಿಯಂತೆ ಉದ್ದ. ಆ ತುದಿಯಲ್ಲಿ ನೀರಿನ ತೊಟ್ಟಿ, ಈ ತುದಿಯಲ್ಲಿ ಗೂಡು. ಗೂಡಿನ ಬೆನ್ನಿಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಪಕ್ಕದ ಕಟ್ಟಡದ ಟೈಲರಮ್ಮನ ಅಡುಗೆಮನೆಯ ಕಿಟಕಿ. ಸಂಜೆ ಕೆಲಸದಿಂದ ಬಂದ ಮಾವ ಅಂಗಿ ಕೂಡ ಬಿಚ್ಚದೆ ಮೇಲೆ ಹೋಗುತ್ತಿದ್ದ. ಕಾಳು ಎರಚಿ, ಆಕಾಶ ನೋಡುತ್ತ, ಒಂದೊಂದು ಇಳಿದಂತೆ ಹೆಸರು ಹೇಳುತ್ತಿದ್ದ. ಎಲ್ಲವೂ ಬಂದ ಮೇಲೆ ಗೂಡಿನ ಬಾಗಿಲು. ಒಂದು ಬರದಿದ್ದರೆ ಬಾಗಿಲೂ ಇಲ್ಲ, ಊಟವೂ ಇಲ್ಲ.

“ನಾನು ಒಂದಿನ ಮನೆಗೆ ಬರದೇ ಇದ್ರೆ ಈ ಮನುಷ್ಯನಿಗೆ ಗೊತ್ತೂ ಆಗಲ್ಲ,” ಎಂದು ಅತ್ತೆ ಕೆಳಗಿನಿಂದ ಕೂಗುತ್ತಿದ್ದಳು. “ಆ ಬೋಳ ಬರಲಿಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರೆ.”

“ಬೋಳನಿಗೆ ದಾರಿ ಸರಿಯಾಗಿ ಗೊತ್ತಿಲ್ಲ ಕಣೇ. ನಿನಗೆ ಗೊತ್ತು,” ಎಂದು ಮಾವ ಮೇಲಿನಿಂದ ಉತ್ತರ ಕೊಡುತ್ತಿದ್ದ.

ಗುಬ್ಬಿ ಓದುತ್ತಿದ್ದದ್ದು ಜೀವವಿಜ್ಞಾನ. ಅದರ ಜೊತೆ ಬೇರೆ ವಿಭಾಗದ ಒಂದು ವಿಷಯವನ್ನು ಆರಿಸಿಕೊಳ್ಳಬೇಕಿತ್ತು. ಪ್ರಯೋಗಾಲಯದ ವೇಳೆಗೆ ಅಡ್ಡ ಬರದೆ ಇದ್ದದ್ದು ಒಂದೇ: ಕಾನೂನು ಹೇಗೆ ಹುಟ್ಟುತ್ತದೆ ಎನ್ನುವ ಪಾಠ. ಹೀಗೆ ಕಪ್ಪೆಯ ಹೃದಯ ಬಿಡಿಸುತ್ತಿದ್ದವಳು ಶಾಸನಸಭೆಯ ನಿಯಮಾವಳಿ ಹಿಡಿದು ಕೂತಳು. ಪಾಠ ಮಾಡುತ್ತಿದ್ದವರಿಗೆ ಹುಡುಗರು ಇಟ್ಟ ಹೆಸರು ಪ್ರಶ್ನೆ ಮೇಡಂ. ಏನು ಕೇಳಿದರೂ ಅವರು ಉತ್ತರದ ಬದಲು ಇನ್ನೊಂದು ಪ್ರಶ್ನೆ ಕೊಡುತ್ತಿದ್ದರು. ಅರ್ಧ ವರ್ಷ ಓದು, ಉಳಿದರ್ಧ ಶಾಸನಸಭೆಯ ಕಚೇರಿಗಳಲ್ಲಿ ಕೆಲಸ ಕಲಿಯುವುದು ಎಂಬುದು ಅವರದೇ ಏರ್ಪಾಡು.

“ಕಾನೂನು ಮಾಡೋ ಅಧಿಕಾರ ಯಾರಿಗಿದೆ ಅಂತ ಪುಸ್ತಕದಲ್ಲಿ ಬರೆದಿದೆ. ಅದು ದಿನಾ ಬೆಳಿಗ್ಗೆ ಎಲ್ಲಿ ಬಂದು ಕೂರುತ್ತೆ ಅಂತ ಬರೆದಿಲ್ಲ. ನೋಡ್ಕೊಂಡು ಬಂದು ನನಗೆ ಹೇಳಿ,” ಎಂದಿದ್ದರು ಮೊದಲ ತರಗತಿಯಲ್ಲೇ.

ಗುಬ್ಬಿಗೆ ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುತ್ತಿತ್ತು. ಕೆಳಗೆ ಓದಿದರೆ ಅತ್ತೆಗೆ ತಲೆನೋವು. ಆದ್ದರಿಂದ ಸಂಜೆ ತಾರಸಿಯ ಮೇಲೆ ಓದು. ಕೇಳುವವರು ಮಾವ ಮತ್ತು ಅವನ ಪರಿವಾರ. ಮಾವ ಒಳ್ಳೆಯ ಶ್ರೋತೃ. ಮಸೂದೆಯನ್ನು ಸದನದಲ್ಲಿ ಮೂರು ಸಲ ಓದಬೇಕು ಎಂಬಲ್ಲಿಗೆ ಬಂದಾಗ ಅವನ ಕೈ ಕಾಳಿನ ಡಬ್ಬದಲ್ಲೇ ನಿಂತಿತು.

“ಒಂದೇ ಮಸೂದೆನ ಮೂರು ಸಲ ಓದ್ತಾರಾ? ಯಾಕೆ, ಮೊದಲನೇ ಸಲ ಅರ್ಥ ಆಗಲ್ವಾ ಅವರಿಗೆ?”

“ಅವಸರ ಆಗಬಾರ್ದು ಅಂತ ಮಾವ.”

“ಅವರಿಗೆ ಅವಸರನಾ? ನನ್ನ ಕುರ್ಚೀಲಿ ಕೂತವರು ಯಾರೂ ಅವಸರ ಮಾಡಿದ್ದು ನಾನು ನೋಡಿಲ್ಲ.”

ಹೇಳಲು ಅವನಿಗೆ ಅಧಿಕಾರವಿತ್ತು. ಶಾಸನಸಭೆಯ ಕಟ್ಟಡದ ನೆಲಮಾಳಿಗೆಯಲ್ಲಿ ಸದಸ್ಯರಿಗೆಂದೇ ಒಂದು ಸಣ್ಣ ಕ್ಷೌರದ ಕೋಣೆ ಇತ್ತು. ಎರಡು ಕುರ್ಚಿ, ಅದರಲ್ಲಿ ಒಂದು ತಿರುಗುತ್ತಿರಲಿಲ್ಲ. ಸರ್ಕಾರಗಳು ಬಂದವು, ಹೋದವು. ಮಾವ ಮಾತ್ರ ಎಲ್ಲ ಪಕ್ಷದವರ ಕೊರಳಿಗೂ ಕತ್ತಿ ಹಿಡಿದುಕೊಂಡು ಅಲ್ಲೇ ಇದ್ದ. ಗುಬ್ಬಿಯನ್ನು ಅದೇ ಕಟ್ಟಡದ ಸಮಿತಿ ವಿಭಾಗಕ್ಕೆ ಹಾಕಿದ್ದಾರೆಂದು ತಿಳಿದ ದಿನ ಅವನು ಕುಣಿಯುವುದೊಂದು ಬಾಕಿ.

“ಇನ್ಮೇಲೆ ನಾವಿಬ್ಬರೂ ಸೇರಿ ರಾಜ್ಯಭಾರ ಮಾಡೋಣ ಗುಬ್ಬಿ. ನೀನು ಮೇಲಿಂದ, ನಾನು ಕೆಳಗಿಂದ.”

ಆ ವಾರವೇ ಅವಳು ಅವನಿಗೆ ಕೋರಂ ಎಂದರೇನು ಎಂದು ಹೇಳಿಕೊಟ್ಟಳು. ಸಂಜೆಯ ಬಿಸಿಲು ನೀರಿನ ತೊಟ್ಟಿಯ ಹಿಂದೆ ಇಳಿಯುತ್ತಿತ್ತು.

“ನೀನು ಬಾಗಿಲು ಹಾಕೋ ಮೊದಲು ಎಲ್ಲಾ ಬಂದವಾ ಅಂತ ನೋಡ್ತೀಯಲ್ಲ, ಹೆಚ್ಚುಕಮ್ಮಿ ಹಾಗೇ. ಆದ್ರೆ ಅಲ್ಲಿ ಎಲ್ಲರೂ ಬೇಕಿಲ್ಲ. ನಮ್ಮ ಸಮಿತೀಲಿ ಒಂಬತ್ತು ಜನ. ಐದು ಜನ ಬಂದ್ರೆ ಕೋರಂ. ಬರದಿದ್ರೆ ಕಟ್ಟಡದಲ್ಲೆಲ್ಲ ಗಂಟೆ ಬಾರಿಸ್ತಾರೆ. ಆಗಲೂ ಬರಲಿಲ್ಲ ಅಂದ್ರೆ ಸಭೆನೇ ಇಲ್ಲ, ಆ ದಿನದ ಕೆಲಸ ಬಿದ್ದುಹೋಗುತ್ತೆ.”

ಮಾವ ಕಣ್ಣರಳಿಸಿದ. “ಆ ಗಂಟೆನಾ? ನನ್ನ ಕನ್ನಡಿ ಮೇಲೂ ಒಂದಿದೆ ಕಣೆ! ಇಷ್ಟು ವರ್ಷ ಅದು ಕ್ಯಾಂಟೀನಿನ ಊಟದ ಗಂಟೆ ಅಂದ್ಕೊಂಡಿದ್ದೆ. ಅದು ಬಾರಿಸಿದಾಗೆಲ್ಲ ಎದ್ದು ಓಡ್ತಾರೆ, ಪಾಪ ಹಸಿವು ಅಂತ.”

ಅವರಿಬ್ಬರೂ ಅತ್ತೆ ಮೇಲೆ ಬಂದು ಬೈಯುವಷ್ಟು ಜೋರಾಗಿ ನಕ್ಕರು.

ಸಮಿತಿಯ ಕಚೇರಿಯಲ್ಲಿ ಗುಬ್ಬಿಯ ಜೊತೆಗಾರ ಕೋಲು. ಅವಳದೇ ತರಗತಿಯವನು, ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಎತ್ತರ. ಇಬ್ಬರಿಗೂ ಮೇಲಿನವರು ಕಾರ್ಯದರ್ಶಿ. ಮಣಿಕಟ್ಟಿಗೆ ಬಳೆಯಂತೆ ರಬ್ಬರ್ ಬ್ಯಾಂಡುಗಳನ್ನು ತೊಟ್ಟ, ಯಾವ ಕಾಗದವನ್ನೂ ಮಡಚಲು ಬಿಡದ ಮನುಷ್ಯ. ಅವರು ಹೇಳಿಕೊಟ್ಟ ಮೊದಲ ಪಾಠ: “ನಿಮಗೆ ಇಲ್ಲಿ ಕಿವಿ ಇದೆ, ಕೈ ಇದೆ. ಬಾಯಿ ಇಲ್ಲ.”

ಆ ಅಧಿವೇಶನದ ಕೊನೆಯ ಮಸೂದೆ ಅವರ ಸಮಿತಿಗೆ ಬಂದಾಗ ಗುಬ್ಬಿಯೇ ಅದರ ಪ್ರತಿಗಳನ್ನು ತೆಗೆದು, ಬಿಸಿಯಾರದ ಹಾಳೆಗಳನ್ನು ಜೋಡಿಸುತ್ತ ಓದಿದಳು. ಜನವಸತಿಯ ಕಟ್ಟಡಗಳ ಮೇಲೆ ಪಕ್ಷಿಗಳನ್ನು ಗುಂಪಾಗಿ ಸಾಕುವಂತಿಲ್ಲ. ಈಗಾಗಲೇ ಇರುವ ಗೂಡುಗಳನ್ನು ಒಂದು ತಿಂಗಳೊಳಗೆ ತೆಗೆಯತಕ್ಕದ್ದು. ಅವಳು ಇನ್ನೊಮ್ಮೆ ಓದಿದಳು. ಮೂರನೆಯ ಸಲವೂ ಓದಿದಳು. ಮೊದಲ ಸಲವೇ ಅರ್ಥವಾಗಿತ್ತು.

ಮಸೂದೆಯ ಹಿಂದೆ ಒಬ್ಬ ತಾಯಿ ಇದ್ದಳು. ಸಾಕ್ಷಿ ಹೇಳಲು ಬಂದ ದಿನ ಆಕೆಗೆ ನೀರು ಕೊಟ್ಟವಳೂ ಗುಬ್ಬಿಯೇ. ಆಕೆಯ ಮಗು ಮಲಗುವ ಕೋಣೆಯ ಕಿಟಕಿಯ ಹೊರಗೆ ನೆರೆಯವರ ದೊಡ್ಡ ಪಾರಿವಾಳದ ಗೂಡು. ಪುಕ್ಕದ ಮತ್ತು ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಬಂದು ಶ್ವಾಸಕೋಶಕ್ಕೆ ಉರಿಯೂತ ಬಂದಿದೆ ಎಂದು ವೈದ್ಯರು ಬರೆದಿದ್ದರು. “ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂತುಬಿಡುತ್ತೆ,” ಎಂದಳು ತಾಯಿ. “ಆಟ ಅಂದ್ಕೊಂಡಿದ್ದೆ ನಾನು. ಬೈದಿದ್ದೆ.” ಪರೀಕ್ಷೆಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಬಿಡಿಸಿ ಅಂಕ ಗಳಿಸಿದ್ದ ಗಾಳಿಚೀಲಗಳು ಗುಬ್ಬಿಯ ಕಣ್ಣಮುಂದೆ ಬಂದವು. ಈ ಸಲ ಅವು ಒಂದು ಮಗುವಿನ ಎದೆಯೊಳಗಿದ್ದವು.

ಆ ಸಂಜೆ ತಾರಸಿಗೆ ಹೋದಾಗ ಅವಳು ಮೊದಲ ಬಾರಿ ಟೈಲರಮ್ಮನ ಕಿಟಕಿಯನ್ನು ನೋಡಿದಳು. ದಿನವೂ ಕಾಣುತ್ತಿದ್ದದ್ದೇ. ಆದರೆ ಅದು ತೆರೆದದ್ದನ್ನು ಈ ಎರಡು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

“ಮಾವ, ಆ ಕಿಟಕಿ ಯಾವಾಗಲೂ ಮುಚ್ಚಿರುತ್ತಲ್ಲ?”

“ಅವರಿಗೆ ಗಾಳಿ ಆಗಲ್ವೇನೋ.”

“ಕೇಳಿದೀಯಾ?”

“ಕಿಟಕಿ ಯಾಕ್ರೀ ಮುಚ್ಚಿದೀರಿ ಅಂತ ಯಾರಾದ್ರೂ ಕೇಳ್ತಾರಾ?” ಎಂದು ಮಾವ ಆಕಾಶದ ಕಡೆ ತಿರುಗಿದ.

ಮಸೂದೆಯ ವಿಷಯ, ಆ ತಾಯಿಯ ವಿಷಯ ಹೇಳಿದಾಗ ಅವನು ಕಾಳಿನ ಡಬ್ಬದ ಮುಚ್ಚಳ ಹಾಕಿದ. ಜುಟ್ಟಿ ಬಂದು ಅವನ ಭುಜದ ಮೇಲೆ ಕೂತಿತು. ಪಕ್ಷಿ ಸಾಕುವವರೂ ಬಂದು ಮಾತಾಡಬಹುದು, ಸಮಿತಿ ಕೇಳುತ್ತದೆ, ನೀನು ಬಾ ಎಂದು ಗುಬ್ಬಿ ಗೋಗರೆದಳು. ಅವನು ತಲೆಯಾಡಿಸಿದ.

“ಅವರ ಗಂಟಲ ಮೇಲೆ ಕತ್ತಿ ಇಡು ಅಂದ್ರೆ ಇಡ್ತೀನಿ, ಕೈ ನಡುಗಲ್ಲ. ಮೈಕ್ ಮುಂದೆ ಕೂತ್ಕೊ ಅಂದ್ರೆ ಆಗಲ್ಲಮ್ಮ. ನನ್ನ ಬಾಯಿ ಅವರ ಬೆನ್ನ ಹಿಂದೆ ನಿಂತಾಗ ಮಾತ್ರ ನಡೆಯೋದು.”

ಸಾಕ್ಷಿಗಳಿಗೆಂದು ಇಟ್ಟಿದ್ದ ಉಳಿದ ದಿನಗಳೂ ಮುಗಿದವು. ಪಾರಿವಾಳದವರು ಯಾರೂ ಬರಲಿಲ್ಲ.

ಸದನದ ಅವಧಿ ಮುಗಿಯುವ ದಿನ ಬಂತು. ಅಂದು ಮಧ್ಯಾಹ್ನದೊಳಗೆ ಸಮಿತಿ ಮಸೂದೆಯನ್ನು ಒಪ್ಪಿ ಸದನಕ್ಕೆ ಕಳಿಸಬೇಕು. ಇಲ್ಲವಾದರೆ ಹಳೆಯ ಸದನದ ಜೊತೆ ಮಸೂದೆಯೂ ಸತ್ತಂತೆ. ಸದಸ್ಯರಲ್ಲಿ ಅರ್ಧ ಜನ ಆಗಲೇ ಮುಂದಿನ ಚುನಾವಣೆಗೆಂದು ತಮ್ಮ ತಮ್ಮ ಊರು ಸೇರಿದ್ದರು. ಸಮಿತಿಯ ಕೋಣೆಯಲ್ಲಿ ಅಧ್ಯಕ್ಷೆಯನ್ನೂ ಸೇರಿಸಿ ನಾಲ್ವರು. ಗಂಟೆ ಬಾರಿಸಿತು. ಯಾರೂ ಬರಲಿಲ್ಲ. ಮತ್ತೆ ಬಾರಿಸಿತು.

ಅಧ್ಯಕ್ಷೆ ದಪ್ಪ ಕನ್ನಡಕದ, ಮೆಲುದನಿಯ ಹಿರಿಯೆ. ಗಡಿಯಾರ ನೋಡಿದರು. “ಹನ್ನೆರಡರವರೆಗೆ ಕಾಯೋಣ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.”

ಕಾರ್ಯದರ್ಶಿ ಹೊರಗೆ ಬಂದು ರಬ್ಬರ್ ಬ್ಯಾಂಡು ಎಳೆದೆಳೆದು ಬಿಟ್ಟರು. “ಮೀಸೆ ಸದಸ್ಯರು ಬೆಳಿಗ್ಗೆ ಒಳಗೆ ಬಂದಿದ್ದು ನಾನೇ ನೋಡಿದೀನಿ. ಗಾಳಿ ಆಗಿ ಹೋಗೋ ಮನುಷ್ಯ ಅಲ್ಲ ಅವರು. ಕೋಲು, ನೀನು ಕ್ಯಾಂಟೀನ್, ಗ್ರಂಥಾಲಯ ನೋಡು. ನೀನಮ್ಮ ಕೆಳಗಡೆ.”

ಮೀಸೆ ಸದಸ್ಯರನ್ನು ಗುರುತಿಸಲು ಫೋಟೋ ಬೇಕಿರಲಿಲ್ಲ. ಅವರ ಮೀಸೆ ಮೊದಲು ಬರುತ್ತಿತ್ತು, ಹಿಂದೆ ಅವರು. ಗುಬ್ಬಿ ಮೆಟ್ಟಿಲಿಳಿದು ಕಡತಗಳ ಕೋಣೆ ನೋಡಿದಳು, ಟಪಾಲಿನ ಕೋಣೆ ನೋಡಿದಳು. ಕ್ಷೌರದ ಕೋಣೆಯ ಬಾಗಿಲು ಮುಚ್ಚಿತ್ತು. ಹಗಲು ಹೊತ್ತು ಅದನ್ನು ಮುಚ್ಚುವ ಪದ್ಧತಿ ಇರಲಿಲ್ಲ. ತಳ್ಳಿದಳು.

ತಿರುಗದ ಕುರ್ಚಿಯಲ್ಲಿ ಒಬ್ಬರು ಹಿಂದಕ್ಕೆ ಒರಗಿದ್ದರು. ಮುಖದ ಮೇಲೆ ಹಬೆಯಾಡುವ ಬಿಸಿ ಟವೆಲ್. ಟವೆಲ್ಲಿನ ಕೆಳಗಿನಿಂದ ಹದವಾದ ಗೊರಕೆ. ಪಕ್ಕದಲ್ಲಿ ಮಾವ ಇನ್ನೊಂದು ಟವೆಲ್ ಹಿಂಡುತ್ತ ನಿಂತಿದ್ದ. ಅವಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ.

ಗುಬ್ಬಿಯ ಕಣ್ಣು ಕನ್ನಡಿಯ ಮೇಲಕ್ಕೆ ಹೋಯಿತು. ಗಂಟೆಗೆ ದಪ್ಪ ಬಟ್ಟೆ ಸುತ್ತಿ ದಾರ ಕಟ್ಟಿತ್ತು.

“ಗಂಟೆಗೆ ಯಾಕೆ ಮಫ್ಲರ್?” ಅವಳು ಪಿಸುಗುಟ್ಟಿದಳು.

“ಶೀತ ಆಗಿದೆ ಅದಕ್ಕೆ.”

“ಮಾವಾ!”

“ನಾನೇನು ಮಾಡಿದೆ? ಗಿರಾಕಿಗೆ ನಿದ್ದೆ ಬಂತು. ಬಿಸಿ ಟವೆಲ್ ಹಾಕಿದೆ. ಆರಿತು ಅಂತ ಇನ್ನೊಂದು ಹಾಕಿದೆ.”

“ಮೇಲೆ ನಾಲ್ಕೇ ಜನ. ಇವರೊಬ್ಬರು ಬೇಕು.”

“ಗೊತ್ತು,” ಎಂದ ಮಾವ. “ನೀನೇ ಹೇಳಿಕೊಟ್ಟಿದ್ದಲ್ವಾ.”

ತಾರಸಿಯ ಮೇಲೆ ನಗುನಗುತ್ತ ಅವಳು ಕೊಟ್ಟ ಪಾಠವನ್ನು ಇಷ್ಟು ಶ್ರದ್ಧೆಯಿಂದ ಅವಳ ತರಗತಿಯಲ್ಲಿ ಯಾರೂ ಕಲಿತಿರಲಿಲ್ಲ.

“ಸ್ವಲ್ಪ ಹೊತ್ತು ಗುಬ್ಬಿ. ಹನ್ನೆರಡು ಹೊಡೀಲಿ. ನೀನು ಹೋಗಿ ಸಿಗಲಿಲ್ಲ ಅಂತ ಹೇಳು. ಇಷ್ಟು ದೊಡ್ಡ ಕಟ್ಟಡ, ಯಾರು ಕೇಳ್ತಾರೆ?” ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಹಿಂಡಿದ ಟವೆಲ್ಲನ್ನೇ ಮತ್ತೆ ಹಿಂಡಿದ. “ನಾನು ಯಾರ ಹತ್ರನೂ ಏನೂ ಕೇಳಿದವನಲ್ಲ.”

ಅದು ನಿಜ. ಅವಳ ಜ್ವರಕ್ಕೆ ಕಷಾಯ ಕಾಸಿದವನು, ಪ್ರಯೋಗಾಲಯದ ವಾಸನೆ ಹೋಗಲೆಂದು ಅವಳ ಏಪ್ರನ್ನನ್ನು ತಾನೇ ಬಿಸಿಲಿಗೆ ಹಾಕುತ್ತಿದ್ದವನು, ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದ. ಕೇಳಿದ್ದು ಎರಡೇ ಶಬ್ದ: ಸಿಗಲಿಲ್ಲ ಸರ್. ಶಾಸನ ಮಾಡುವ ಅಧಿಕಾರ ಸದನದಲ್ಲಿ ನೆಲೆಸಿದೆ ಎಂದು ಅವಳು ಗಟ್ಟಿಯಾಗಿ ಓದಿದ್ದಳು. ಸದ್ಯಕ್ಕೆ ಅದು ಒಂದು ಒದ್ದೆ ಟವೆಲ್ಲಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು, ಟವೆಲ್ಲಿನ ಅಂಚು ಅವಳ ಕೈಗೆ ಎಟಕುವಷ್ಟು ಹತ್ತಿರವಿತ್ತು.

“ಆ ತಾಯಿ ವಿಷಯ ಹೇಳಿದ್ದೆನಲ್ಲ ಮಾವ. ಮೆಟ್ಟಿಲ ಮಧ್ಯೆ ಕೂರೋ ಮಗು.”

“ಹೇಳಿದ್ದೆ.”

“ಆಗಲ್ಲ ಅನ್ನೋದಾದ್ರೆ ಸಮಿತಿಯವರು ಆ ತಾಯಿಗೆ ಆಗಲ್ಲ ಅಂತಾನೇ ಹೇಳ್ಲಿ. ಆದ್ರೆ ಕೂತು, ಕಣ್ಣು ಬಿಟ್ಕೊಂಡು ಹೇಳ್ಲಿ. ನಿನಗೆ ಹೇಳೋದಾದ್ರೂ ಅಷ್ಟೇ.”

ಅವನು ಕೈಯಲ್ಲಿದ್ದ ಟವೆಲ್ಲನ್ನು ಬದಿಗಿಟ್ಟ. ತಡೆಯಲಿಲ್ಲ. ಗುಬ್ಬಿ ಟವೆಲ್ ತೆಗೆದಳು.

“ಸರ್, ಸಮಿತಿ ನಿಮಗೋಸ್ಕರ ಕಾಯ್ತಾ ಇದೆ.”

ಮೀಸೆ ಸದಸ್ಯರು ಕಣ್ಣು ತೆರೆದರು. ಗಡಿಯಾರ ನೋಡಿದರು. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಎದ್ದು ಬಾಗಿಲ ಕಡೆ ನಡೆದೇಬಿಟ್ಟರು. ಅವರ ಮೀಸೆಯ ಎಡಭಾಗ ರೇಖೆ ಎಳೆದಂತೆ ಚೊಕ್ಕವಾಗಿತ್ತು. ಬಲಭಾಗ ಇನ್ನೂ ಪೊದೆ.

“ಸರ್, ಮೀಸೆ! ಸರ್, ಒಂದೇ ಕಡೆ ಆಗಿದೆ!” ಹಿಂದಿನಿಂದ ಮಾವನ ಕೂಗು ಮೆಟ್ಟಿಲವರೆಗೂ ಬಂತು.

“ಯಾವುದು ಇವತ್ತು? ಹಕ್ಕಿ ಮಸೂದೆನಾ?” ಮೀಸೆ ಸದಸ್ಯರು ಏದುಸಿರು ಬಿಡುತ್ತ ಕೇಳಿದರು. “ನೀನೇನಂತೀಯಮ್ಮ? ಬೇಕಾ, ಬೇಡ್ವಾ?”

ಗುಬ್ಬಿಗೆ ಬಾಯಿ ತುಂಬ ಮಾತಿತ್ತು. “ನನಗೆ ಇಲ್ಲಿ ಬಾಯಿ ಇಲ್ಲ ಸರ್,” ಎಂದಳು. “ಆ ತಾಯಿ ಹೇಳಿದ್ದು ಆರನೇ ಪುಟದಲ್ಲಿದೆ. ದಯವಿಟ್ಟು ಅದನ್ನೊಂದು ಸಲ ಓದಿ.”

ಅವರು ಓದಿದರು. ಐದನೆಯವರು ಕೂತದ್ದೇ ತಡ, ಅಧ್ಯಕ್ಷೆ ಸಭೆ ಆರಂಭವಾಯಿತೆಂದರು. ಉಳಿದ ಮೂವರು ಅರ್ಧ ಮೀಸೆಯನ್ನು ನೋಡಿ ತುಟಿ ಕಚ್ಚಿಕೊಂಡರು. ಮೀಸೆ ಸದಸ್ಯರು ಮಾತ್ರ ಪುಟದಿಂದ ತಲೆ ಎತ್ತಲಿಲ್ಲ. ಮುಗಿಸಿ, ಹಿಂದೆ ಮುಂದೆ ಮಗುಚಿ, “ಇನ್ನೊಂದು ಕಡೆಯವರ ಮಾತು ಎಲ್ಲಿ?” ಎಂದರು.

“ಪಕ್ಷಿ ಸಾಕುವವರು ಯಾರೂ ಬರಲಿಲ್ಲ,” ಎಂದರು ಕಾರ್ಯದರ್ಶಿ.

ಆಗ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಾಚಣಿಗೆ ಹಿಡಿದು ಮಾವ ನಿಂತಿದ್ದ.

“ಏನಪ್ಪಾ ಇದು?” ಎಂದರು ಅಧ್ಯಕ್ಷೆ.

“ಕ್ಷಮಿಸಿ ಅಮ್ಮ. ಮೀಸೆ ಅರ್ಧ ಉಳಿದಿದೆ. ಹೀಗೇ ಸದನಕ್ಕೆ ಹೋದ್ರೆ ಜನ ನೋಡಿ ನಗೋದು ಅವರನ್ನಲ್ಲ, ನನ್ನನ್ನ.”

ಕಚ್ಚಿ ಹಿಡಿದಿದ್ದ ನಗೆಯೆಲ್ಲ ಒಮ್ಮೆಗೇ ಹೊರಬಿತ್ತು. ಮೀಸೆ ಸದಸ್ಯರು ಬಲಮೀಸೆ ಮುಟ್ಟಿ ನೋಡಿಕೊಂಡು, ಮಾವನ ಕಡೆ ಬೆರಳು ತೋರಿಸಿದರು. “ಇನ್ನೊಂದು ಕಡೆ ಇಲ್ಲೇ ಇದೆಯಲ್ಲ ಮೇಡಂ. ಇವರು ಪಾರಿವಾಳ ಸಾಕ್ತಾರೆ. ಇಷ್ಟು ವರ್ಷ ಅದೇ ಪುರಾಣ ಕೇಳಿ ಕೇಳಿ ನನಗೆ ಅವುಗಳ ಹೆಸರೂ ಬಾಯಿಪಾಠ. ಇವರನ್ನೇ ಕೇಳೋಣ.”

“ಸಾಕ್ಷಿಗಳ ದಿನಗಳು ಮುಗಿದಿವೆ,” ಎಂದರು ಕಾರ್ಯದರ್ಶಿ. “ಹಾಗೆಲ್ಲ ಬಾಗಿಲಲ್ಲಿ ನಿಂತವರನ್ನ...”

ಗುಬ್ಬಿ ನಿಯಮಾವಳಿಯನ್ನು ತೆರೆದಳು. ತಾರಸಿಯ ಮೇಲೆ ಕೂಗಿ ಓದಿದ್ದ ಪುಟ, ಹುಡುಕಬೇಕಾಗಲಿಲ್ಲ. ಅಧ್ಯಕ್ಷರ ಒಪ್ಪಿಗೆ ಇದ್ದರೆ ಸಮಿತಿಯ ಮುಂದೆ ಹಾಜರಿರುವ ಯಾರನ್ನಾದರೂ ಕೇಳಬಹುದು. ಆ ಸಾಲಿನ ಮೇಲೆ ಬೆರಳಿಟ್ಟು ಪುಸ್ತಕವನ್ನು ಕಾರ್ಯದರ್ಶಿಯ ಮುಂದೆ ಸರಿಸಿದಳು. ಅವರು ಓದಿ, ಅವಳನ್ನೊಮ್ಮೆ ನೋಡಿ, ಪುಸ್ತಕವನ್ನು ಅಧ್ಯಕ್ಷೆಯ ಮುಂದಿಟ್ಟರು.

“ಯಾರು ತೆಗೆದಿದ್ದು ಈ ಪುಟ?”

“ನಾನು ಮೇಡಂ,” ಎಂದಳು ಗುಬ್ಬಿ. “ಅವರು ನನ್ನ ಮಾವ. ಅದೂ ನಿಮಗೆ ಗೊತ್ತಿರಬೇಕು.”

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. “ಕತ್ತರಿ ಹೊರಗಿಟ್ಟು ಬಂದು ಕೂತ್ಕೊಳ್ಳಿ,” ಎಂದರು ಮಾವನಿಗೆ.

ಮಾವ ಮೈಕಿನ ಮುಂದೆ ಕೂತ. ಎಲ್ಲರೂ ಅವನ ಕಡೆ ಮುಖ ಮಾಡಿ ಕೂತಿದ್ದರು. ಇಷ್ಟು ವರ್ಷ ಕನ್ನಡಿಯಲ್ಲಿ ಕಂಡ ಮುಖಗಳು. ಗುಬ್ಬಿ ಮೇಜಿನ ಕೆಳಗೆ ತನ್ನ ಬೆರಳುಗಳನ್ನು ತಾನೇ ಹಿಂಡಿಕೊಂಡಳು.

“ಆ ಮಗು ಈಗ ಹೇಗಿದೆ?” ಎಂದ ಕೊನೆಗೆ.

ಅಧ್ಯಕ್ಷೆ ಹಾಳೆ ನೋಡಿದರು. “ಅಜ್ಜಿ ಮನೆಗೆ ಕಳಿಸಿದಾರಂತೆ. ಅಲ್ಲಿ ಪರವಾಗಿಲ್ಲ.”

“ಮಗುನೇ ಮನೆ ಬಿಡೋ ಹಾಗಾಯ್ತಾ?” ಮಾವ ಮೇಜನ್ನೇ ನೋಡುತ್ತ ಕೂತ. “ನಮ್ಮ ಪಕ್ಕದ ಟೈಲರಮ್ಮ ಕಿಟಕಿ ತೆಗೆಯಲ್ಲ. ನಾನು ಯಾಕೆ ಅಂತ ಕೇಳಿಲ್ಲ. ಕೇಳಿದ್ರೆ ಹೇಳಿಬಿಡ್ತಾರೆ ಅಂತ ಕೇಳಿಲ್ಲ.” ಆಮೇಲೆ ತಲೆ ಎತ್ತಿದ. “ಗೂಡು ದೂರ ಇಡು ಅನ್ನಿ, ಇಡ್ತೀನಿ. ತೊಳಿ ಅನ್ನಿ, ತೊಳೀತೀನಿ. ಇಡಲೇಬೇಡ ಅಂದ್ರೆ ಸಂಜೆ ಹೊತ್ತು ನಾನು ಎಲ್ಲಿ ನೋಡ್ಲಿ ಅಮ್ಮ?”

ಅಷ್ಟೇ ಅವನ ಸಾಕ್ಷಿ. ಎದ್ದು ಹೋಗುವಾಗ ಮೀಸೆ ಸದಸ್ಯರ ಕಡೆ ನೋಡುವುದನ್ನೂ ಮರೆತ.

ಚರ್ಚೆ ಜೋರಾಗಿಯೇ ನಡೆಯಿತು. ಪೂರ್ತಿ ನಿಷೇಧವೇ ಇರಲಿ ಎಂದರು ಒಬ್ಬರು. ಅಂಥ ಕಾನೂನನ್ನು ಯಾರೂ ಪಾಲಿಸುವುದಿಲ್ಲ ಎಂದರು ಇನ್ನೊಬ್ಬರು. ಕೊನೆಗೆ ನಿಷೇಧದ ಸಾಲು ಹೋಯಿತು. ಯಾವ ಮನೆಯ ಕಿಟಕಿಗೂ ಹತ್ತಿರ ಗೂಡು ಇರಕೂಡದು, ಧೂಳು ಹಾರದಂತೆ ತೊಳೆಯಬೇಕು, ನೆರೆಯವರಿಗೆ ಕಾಯಿಲೆಯಾದರೆ ಆ ಗೂಡನ್ನು ತಕ್ಷಣ ತೆಗೆಯಬೇಕು ಎಂಬ ಸಾಲುಗಳು ಬಂದವು. ಮೂವರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಮಸೂದೆ ಸದನಕ್ಕೆ ಹೋಯಿತು. ಮೀಸೆಯೂ ಸದನಕ್ಕೆ ಹಾಗೆಯೇ ಹೋಯಿತು.

ಸದನವೂ ಮಸೂದೆಯನ್ನು ಒಪ್ಪಿದ ಆ ಸಂಜೆಯಿಂದ ಮಾವ ಅವಳನ್ನು ಗುಬ್ಬಿ ಎನ್ನಲಿಲ್ಲ. “ಮೇಡಂ ಅವರಿಗೆ ಊಟ ಬಡಿಸು,” ಎನ್ನುತ್ತಿದ್ದ ಅತ್ತೆಗೆ, ಗೋಡೆ ನೋಡುತ್ತ. ತಾರಸಿಗೆ ಅವಳು ಹೋದರೆ ಅವನು ಇಳಿದುಬರುತ್ತಿದ್ದ. ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು. ಕೇಳಿದ್ದು ಪಾರಿವಾಳಗಳು ಮಾತ್ರ.

“ನಾನು ಮಾಡಿದ್ದು ತಪ್ಪಾ ಅತ್ತೆ? ಇಷ್ಟು ಕೋಪ ಯಾಕೆ ಅವನಿಗೆ?”

ಅತ್ತೆ ಬಟ್ಟೆ ಮಡಚುತ್ತಿದ್ದಳು. “ಕೋಪ ಅಲ್ಲ ಕಣೆ, ನಾಚಿಕೆ. ನಮ್ಮ ಗುಬ್ಬಿ ಬಾಯಲ್ಲಿ ಸುಳ್ಳು ಹೇಳಿಸೋಕೆ ಹೊರಟಿದ್ದೆ ಅಂತ ನನ್ನ ಹತ್ರ ಹೇಳ್ಕೊಂಡು ಕೂತಿದ್ರು. ಗಂಡಸರಿಗೆ ನಾಚಿಕೆ ಆದ್ರೆ ನೋಡೋಕೆ ಕೋಪದ ಹಾಗೇ ಇರುತ್ತೆ. ಸ್ವಲ್ಪ ದಿನ ಬಿಡು, ಬಣ್ಣ ಬಿಡುತ್ತೆ.”

ಕೊನೆಯ ತರಗತಿಯಲ್ಲಿ ಪ್ರಶ್ನೆ ಮೇಡಂ ಹಳೆಯ ಪ್ರಶ್ನೆಗೆ ಉತ್ತರ ಕೇಳಿದರು. ಅಧಿಕಾರ ಎಲ್ಲಿ ಕೂತದ್ದನ್ನು ನೋಡಿದಿರಿ? ಕೋಲು ಎದ್ದು, ಅಂದಂದಿನ ಕೆಲಸದ ಪಟ್ಟಿಯಲ್ಲಿ ಯಾವುದು ಮೊದಲು ಎಂದು ಬರೆಯುವ ಪೆನ್ನಿನಲ್ಲಿ ಎಂದ. ಗುಬ್ಬಿಯ ಸರದಿ ಬಂತು.

“ಕೂತಿದ್ದನ್ನ ನೋಡಲಿಲ್ಲ ಮೇಡಂ. ನಾನು ನೋಡಿದಾಗ ಅದು ಮಲಗಿತ್ತು. ಎಬ್ಬಿಸಬೇಕಾಯ್ತು.”

ತರಗತಿ ನಕ್ಕಿತು. ಮೇಡಂ ನಗಲಿಲ್ಲ. “ಎಬ್ಬಿಸಿದವರಿಗೆ ಏನು ಖರ್ಚಾಯ್ತು?” ಎಂದು ಕೇಳಿದರು. ಗುಬ್ಬಿಗೆ ಉತ್ತರ ಗೊತ್ತಿತ್ತು. ಪುಸ್ತಕ ಮುಚ್ಚಿ ಕೂತಳು.

ಕಚೇರಿಯ ಕೆಲಸದ ಕೊನೆಯ ದಿನ ಮೀಸೆ ಸದಸ್ಯರು ಕಾರಿಡಾರಿನಲ್ಲಿ ಎದುರಾದರು. ಮೀಸೆ ಎರಡೂ ಕಡೆ ಸಮವಾಗಿತ್ತು. ಅವಳನ್ನು ನೋಡಿ ನಿಂತು, ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ನಿಮ್ಮ ಮಾವನಿಗೆ ಹೇಳಬೇಡ. ಎರಡನೇ ಟವೆಲ್ ಬಿದ್ದಾಗಲೇ ನನಗೆ ಎಚ್ಚರ ಇತ್ತು. ಆ ಕಡೆ ಕೈ ಎತ್ತಿದ್ರೆ ನಿಮ್ಮ ಮಾವನಿಗೆ ಬೇಜಾರು, ಈ ಕಡೆ ಎತ್ತಿದ್ರೆ ಆ ತಾಯಿಗೆ. ಟವೆಲ್ ಕೆಳಗೆ ಬೆಚ್ಚಗಿತ್ತಮ್ಮ.” ಮೀಸೆ ತಿರುವಿಕೊಂಡು ಮುಂದೆ ನಡೆದರು. ಅದನ್ನು ಅವಳು ಮಾವನಿಗೆ ಇಂದಿಗೂ ಹೇಳಿಲ್ಲ.

ಆ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಮರ ಎಳೆಯುವ ಸದ್ದು. ಗುಬ್ಬಿ ಮೇಲೆ ಹೋದಳು. ಮಾವ ಒಬ್ಬನೇ ಗೂಡನ್ನು ನೀರಿನ ತೊಟ್ಟಿಯ ಕಡೆ ಎಳೆಯುತ್ತಿದ್ದ. ಅಲ್ಲಿ ಯಾವ ಕಿಟಕಿಯೂ ಇರಲಿಲ್ಲ. ಗಾಳಿ ಇತ್ತು, ಕಾಳು ನೀರು ಹೊತ್ತು ನಡೆಯಲು ಉದ್ದಾನುದ್ದ ದಾರಿ ಇತ್ತು. ಅವಳು ಮಾತಾಡದೆ ಇನ್ನೊಂದು ತುದಿ ಹಿಡಿದಳು.

“ಎತ್ತಬೇಡ, ತಳ್ಳು,” ಎಂದ ಮಾವ. ಸ್ವಲ್ಪ ದೂರ ಹೋದ ಮೇಲೆ, “ಕಾಲು ಜೋಪಾನ ಗುಬ್ಬಿ,” ಎಂದ.

ಅವಳು ಮುಖ ತಿರುಗಿಸಿಕೊಂಡು ತಳ್ಳಿದಳು, ಅವನಿಗೆ ಕಾಣದಿರಲೆಂದು.

ಪಾರಿವಾಳಗಳು ಹೊಸ ಕಾನೂನನ್ನು ಓದಿರಲಿಲ್ಲ. ಸಂಜೆ ಹಾರಿ ಬಂದು ಹಳೆಯ ಮೂಲೆಯ ಬರಿಗಲ್ಲಿನ ಮೇಲೆ ಸಾಲಾಗಿ ಇಳಿದು, ಗೂಡೆಲ್ಲಿ ಎಂದು ಕತ್ತು ತಿರುಗಿಸುತ್ತ ಕೂತವು. ದಿನವೂ ಮಾವ ಮತ್ತು ಗುಬ್ಬಿ ಕಾಳು ಎರಚುತ್ತ, ಬುಟ್ಟಿಯಲ್ಲಿ ಹೊರುತ್ತ ಅವುಗಳಿಗೆ ಹೊಸ ವಿಳಾಸ ಕಲಿಸಿದರು. ಒಂದೊಂದಾಗಿ ಕಲಿತವು. ಬೋಳ ಕೂಡ ಕಲಿತ. ಒಂದು ಸಂಜೆ ಎಲ್ಲವೂ ತಾವಾಗಿಯೇ ತೊಟ್ಟಿಯ ಪಕ್ಕ ಇಳಿದವು. ಜುಟ್ಟಿ ಒಂದನ್ನು ಬಿಟ್ಟು.

ಕತ್ತಲು ಇನ್ನೂ ಆಗಿರಲಿಲ್ಲ. ಕೆಳಗಿನಿಂದ ಅತ್ತೆ ಊಟಕ್ಕೆ ಕೂಗಿದಳು.

“ಬಾಗಿಲು ಹಾಕೋಣ ಮಾವ,” ಎಂದಳು ಗುಬ್ಬಿ. “ಕೋರಂ ಇದೆ.”

“ಕೋರಂ ನಿಮ್ಮ ಸಭೆಗೆ,” ಎಂದ ಮಾವ, ಆಕಾಶದಿಂದ ಕಣ್ಣು ತೆಗೆಯದೆ. “ಇದು ಮನೆ ಕಣೆ. ಮನೆಗೆ ಎಲ್ಲರೂ ಬರಬೇಕು.”

ಆಗ ತಾರಸಿಯ ಆ ತುದಿಯಲ್ಲಿ, ಹಳೆಯ ಮೂಲೆಯ ಹಿಂದೆ, ತುಕ್ಕು ಹಿಡಿದ ಚಿಲಕವನ್ನು ಯಾರೋ ಎರಡು ಮೂರು ಸಲ ಗುದ್ದಿದ ಸದ್ದಾಯಿತು. ಟೈಲರಮ್ಮನ ಕಿಟಕಿ ಕಿರುಗುಟ್ಟಿ ತೆರೆಯಿತು. ಒಗ್ಗರಣೆಯ ಘಮ ಹೊರಬಂತು, ಹಿಂದೆಯೇ ಟೈಲರಮ್ಮನ ತಲೆ, ಆಮೇಲೆ ಅಳತೆಯ ಪಟ್ಟಿ ತೂಗುವ ಕೊರಳು.

“ರೀ ಪಾರಿವಾಳದವರೇ! ನಿಮ್ಮ ಮುದುಕಿ ಇಲ್ಲಿ ನನ್ನ ಕಿಟಕಿ ಕಟ್ಟೆ ಮೇಲೆ ಕೂತಿದಾಳೆ. ಕರ್ಕೊಂಡು ಹೋಗ್ತೀರೋ, ಇಲ್ಲಾ ಅವಳಿಗೂ ಒಂದು ರವಿಕೆ ಹೊಲಿದುಕೊಡ್ಲೋ?”

ಮಾವ ಬುಟ್ಟಿ ಎತ್ತಿಕೊಂಡು ಓಡಿದ. ಗುಬ್ಬಿ ಗೂಡಿನ ಬಾಗಿಲನ್ನು ತೆರೆದೇ ಹಿಡಿದು ನಿಂತಳು.